ಏಳಕ್ಕೆ ಏಳೂ ತಪ್ಪು

"ನಾಲ್ಕನೇ ಪದ, ಹೊರಜೆ," ಎಂದು ಅತ್ತಿಗೆ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದಿದಳು. "ಮೊದಲನೇದು, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ದಾರಿ. ಎರಡನೇದು, ದಪ್ಪನೆಯ ಹಗ್ಗ. ಮೂರನೇದು, ಒಂದು ಕಡೆ ಭಾರ ಹೆಚ್ಚಾಗಿ ವಾಲಿದ ಗಂಟು. ನಾಲ್ಕನೇದು, ನೆಂಟರು ಹೊರಟ ಮೇಲೆ ಮನೆಯಲ್ಲಿ ಉಳಿಯುವ ಮೌನ. ಐದನೇದು, ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡ ನಾರು."

ಐದನೆಯದನ್ನು ಬರೆದವರು ಯಾರೆಂದು ಯಾರೂ ಕೇಳಲಿಲ್ಲ. ಹಲ್ಲಿನ ಡಾಕ್ಟರು ಒಂಬತ್ತು ವರ್ಷದಿಂದ ಈ ಆಟ ಆಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವರ ಒಂದು ಸುಳ್ಳೂ ಹಲ್ಲಿಲ್ಲದೆ ಹುಟ್ಟಿರಲಿಲ್ಲ.

"ನನಗೆ ಮೌನ," ಎಂದರು ಡಾಕ್ಟರು.

"ಮನೇಲಿ ಸಿಗಲ್ಲ ಅಂತ ಇಲ್ಲಿ ಕೇಳ್ತಿದೀರಾ?" ಎಂದರು ಭೂಗೋಳದ ಮಿಸ್ಸು. ಶಾಲೆಯಿಂದ ನಿವೃತ್ತರಾಗಿದ್ದರೂ ಮಾತು ನಿವೃತ್ತಿಯಾಗಿರಲಿಲ್ಲ. "ನನಗೆ ಹಗ್ಗ ಕೊಡಿ."

ಮೈದುನ ಗುಡ್ಡದ ದಾರಿ ಹಿಡಿದ. ಕೊನೆಗೆ ಗಡಿಯಾರದಣ್ಣ, ಎಂದರೆ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವ ಸಣ್ಣ ಮೈಕಟ್ಟಿನ ಮನುಷ್ಯ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಹಲ್ಲುಸಂದಿಯ ನಾರು," ಎಂದ.

ಡಾಕ್ಟರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಅವರ ಸುಳ್ಳನ್ನು ನಂಬಿದ್ದರು.

ಅತ್ತಿಗೆ ತನ್ನ ಹಾಳೆಯಲ್ಲಿ ಗಡಿಯಾರದಣ್ಣನ ಹೆಸರಿನ ಮುಂದೆ ಒಂದು ಸೊನ್ನೆ ಹಾಕಿಕೊಂಡಳು. ಅದೇ ಸಾಲಿನಲ್ಲಿ ಅದು ನಾಲ್ಕನೇ ಸೊನ್ನೆ.

ಆಟ ಬಹಳ ಸರಳ. ಯಾರಿಗೂ ಗೊತ್ತಿಲ್ಲದ ಒಂದು ಪದ. ಆಡುವವರು ತಲೆಗೊಂದು ಸುಳ್ಳು ಅರ್ಥ ಕಟ್ಟಿ ಚೀಟಿಯಲ್ಲಿ ಬರೆದು ಕೊಡಬೇಕು. ಆಡಿಸುವವರು ಅವುಗಳ ನಡುವೆ ನಿಘಂಟಿನ ನಿಜವಾದ ಅರ್ಥವನ್ನೂ ಬೆರೆಸಿ ಓದಬೇಕು. ನಿಜವನ್ನು ಗುರುತಿಸಿದವರಿಗೆ ಒಂದು ಅಂಕ. ನಿಮ್ಮ ಸುಳ್ಳನ್ನು ಇನ್ನೊಬ್ಬರು ನಂಬಿದರೆ ನಿಮಗೂ ಒಂದು. ಮರ್ಯಾದಸ್ಥರು ಪ್ರತಿ ಗುರುವಾರ ಮಧ್ಯಾಹ್ನ ಒಟ್ಟಿಗೆ ಕೂತು ಸುಳ್ಳು ಹೇಳಲು ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ.

ಆದರೆ ಈ ಗುರುವಾರ ಅಂಕದ ಆಸೆ ಯಾರಿಗೂ ಇರಲಿಲ್ಲ. ಆಟ ನಡೆಯುತ್ತಿದ್ದದ್ದು ಮೇಷ್ಟ್ರ ಮನೆಯಲ್ಲಿ. ಅವರು ಮೂವತ್ತೊಂದು ವರ್ಷ ಕೂತು ಬರೆದ ನಿಘಂಟಿನ ಹಾಳೆಗಳ ಕೊನೆಯ ಕಟ್ಟು ಕಳೆದ ಶುಕ್ರವಾರ ಬೆಳಿಗ್ಗೆ ಬೀರುವಿನಲ್ಲಿ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಎರಡನೇ ಬೀಗದಕೈ ಇದ್ದದ್ದು ಅತ್ತಿಗೆಯ ಮೈದುನನ ಜೇಬಿನಲ್ಲಿ.

ಮೈದುನ ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರ್. ಮೂರು ವಾರದ ಹಿಂದೆ ಆ ಕಟ್ಟಿನ ಅಳತೆ ತೆಗೆದುಕೊಳ್ಳಲು ಬೀಗದಕೈ ಇಸಕೊಂಡಿದ್ದ, ವಾಪಸ್ ಕೊಡಲು ಮರೆತಿದ್ದ. ಹಾಗಂತ ಅವನ ಹೇಳಿಕೆ. ಹೊರಗೆ ವರಾಂಡದ ಬೆಂಚಿನ ಮೇಲೆ ಕೂತು ಪೇಪರಿನ ಹಳೆಯ ಪದಬಂಧ ಬಿಡಿಸುತ್ತಿದ್ದ ಇನ್ಸ್‌ಪೆಕ್ಟರಿಗೆ ಆ ಹೇಳಿಕೆಯ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ.

"ಐದು ಗಂಟೆವರೆಗೆ ಕಾಯ್ತೀನಿ ಅತ್ತಿಗೆ," ಎಂದಿದ್ದ. "ಅಷ್ಟರೊಳಗೆ ನೀವು ಬೇರೆ ಹೆಸರು ಕೊಟ್ರೆ ಸರಿ. ಇಲ್ಲ ಅಂದ್ರೆ ಇವನನ್ನ ಕರ್ಕೊಂಡು ಹೋಗೋದೇ."

ಅವಳನ್ನು ಊರೆಲ್ಲ ಅತ್ತಿಗೆ ಎಂದೇ ಕರೆಯುತ್ತಿತ್ತು. ಮೈದುನನಿಂದ ಶುರುವಾದ ಆ ಹೆಸರು ಬೀದಿಗೆ ಹಬ್ಬಿ, ಆಫೀಸಿಗೆ ಹಬ್ಬಿ, ಒಂದು ದಿನ ಅವಳ ಗಂಡನೇ ಬಾಯಿತಪ್ಪಿ "ಅತ್ತಿಗೆ, ನನ್ನ ಕನ್ನಡಕ ನೋಡಿದ್ರಾ?" ಅಂದುಬಿಟ್ಟಿದ್ದ. ಆ ವಾರವಿಡೀ ಅವನಿಗೆ ಕನ್ನಡಕ ಸಿಗಲಿಲ್ಲ.

ಅವಳು ಮದುವೆಯಾಗಿ ಬಂದಾಗ ಈ ಮೈದುನನಿಗೆ ಏಳು ವರ್ಷ. ಶರ್ಟಿನ ಗುಂಡಿ ಸಾಲು ತಪ್ಪದ ಹಾಗೆ ಹಾಕಿಕೊಳ್ಳುವುದನ್ನು ಅವನಿಗೆ ಕಲಿಸಿದ್ದೇ ಅವಳು. ಈ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ತಿರುಗಿಯೂ ನೋಡದೆ ಒಂದೇ ಮಾತು ಹೇಳಿದ್ದರು: "ಅವನ ಜೊತೆ ಬಾ. ಒಬ್ಬಳೇ ಬರೋ ಹಾಗಿದ್ರೆ ಬರಬೇಡ."

ಅದಕ್ಕೇ ಈ ಆಟ. ಇವತ್ತಿನ ಪದಗಳೆಲ್ಲ ಕಳುವಾದ ಕಟ್ಟಿನವು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಮೇಷ್ಟ್ರು ನೆನಪಿನಿಂದ ಏಳು ಪದ ಹೆಕ್ಕಿ, ಅವುಗಳ ಅರ್ಥವನ್ನು ಅವಳ ಕಿವಿಯಲ್ಲಿ ಹೇಳಿದ್ದರು. ಹೇಳಿ ಮುಗಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆಳಕಿಗೆ ಮುಖ ಕೊಟ್ಟು ಕೂತವರು ಇನ್ನೂ ಅಲ್ಲಾಡಿರಲಿಲ್ಲ.

ಕಟ್ಟು ಓದಿದವನಿಗೆ ಅರ್ಥ ಗೊತ್ತಿರುತ್ತದೆ, ಹೆಚ್ಚು ಸರಿ ಉತ್ತರ ಕೊಟ್ಟವನೇ ಕಳ್ಳ ಎಂದು ಅಲ್ಲಿದ್ದ ಎಲ್ಲರೂ ತಿಳಿದಿದ್ದರು. ಹಾಗಾಗಿ ಉತ್ತರ ಸರಿಯಾದಾಗಲೆಲ್ಲ ಡಾಕ್ಟರು ಬೆವರು ಒರೆಸಿಕೊಳ್ಳುತ್ತಿದ್ದರು.

ಅತ್ತಿಗೆ ನೋಡುತ್ತಿದ್ದದ್ದು ಸೊನ್ನೆಗಳನ್ನು.

ಸಬಳ ಬಂತು, ಹೋಯಿತು. ಹೊಗರು ಬಂತು, ಹೋಯಿತು. ಏಳನೇ ಪದ ಸೀಗುರಿ. ಅದಕ್ಕೆ ಚಾಮರ ಎಂಬ ನಿಜವಾದ ಅರ್ಥವಿದ್ದ ಚೀಟಿ ಎಲ್ಲಕ್ಕಿಂತ ಮೇಲೆಯೇ ಇತ್ತು. ಗಡಿಯಾರದಣ್ಣ ಅದನ್ನು ಬಿಟ್ಟು, "ಬಾಯಿ ಮುಕ್ಕಳಿಸುವ ಸಣ್ಣ ತಂಬಿಗೆ" ಎಂಬುದನ್ನು ಆರಿಸಿದ. ಡಾಕ್ಟರು ಎದ್ದು ಹೋಗಿ ಅವನ ಕೈ ಕುಲುಕಿದರು.

"ಮುಗೀತು," ಎಂದಳು ಅತ್ತಿಗೆ. "ಮೇಷ್ಟ್ರು ಕೊಟ್ಟಿದ್ದು ಏಳೇ ಪದ."

"ನನ್ನ ಹತ್ರ ಒಂದಿದೆ ಅತ್ತಿಗೆ," ಎಂದ ಮೈದುನ.

ಒಳ್ಳೆಯ ಪದವೊಂದನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರುವುದು ಈ ಆಟದವರಿಗೆ ಆಗದ ಕೆಲಸ. ಮನೆಗೆ ಬೆಂಕಿ ಬಿದ್ದಿದ್ದರೂ ಅವರು ಒಂದು ಪದ ಕೇಳಿ ಆಮೇಲೆ ಬಕೆಟ್ ಹುಡುಕುವ ಜನ.

"ನಾನು ಈ ಸುತ್ತು ಆಡಲ್ಲ. ಪದ ಹಿಣಿಲು." ಎದ್ದು ಬಂದು ಅವಳ ಕಿವಿಯಲ್ಲಿ ಅರ್ಥ ಹೇಳಿದ: ಎತ್ತಿನ ಹೆಗಲ ಮೇಲಿನ ಉಬ್ಬು.

"ಎಲ್ಲಿ ಸಿಕ್ತೋ ಇದು?"

"ಆವತ್ತು ಅಳತೆ ತಗೊಂಡಾಗ ಕಣ್ಣಿಗೆ ಬಿದ್ದಿತ್ತು. ಚೆನ್ನಾಗಿದೆ ಅನ್ನಿಸ್ತು."

ಮಿಸ್ಸು ಬರೆಯತೊಡಗಿದರು. ಡಾಕ್ಟರು ನಾಲಿಗೆಯಿಂದ ತಮ್ಮದೇ ಹಲ್ಲುಗಳನ್ನು ಎಣಿಸುತ್ತ ಯೋಚಿಸಿದರು. ಗಡಿಯಾರದಣ್ಣನ ಪೆನ್ಸಿಲ್ ಕಾಗದದ ಮೇಲೆ ಊರಿದ ಕಡೆಯೇ ಊರಿತ್ತು. ಆಮೇಲೆ ಅದರ ಮೊನೆ ಟಕ್ ಎಂದು ಮುರಿಯಿತು.

ಕಿಟಕಿಯ ಪಕ್ಕದಲ್ಲಿ ಮೇಷ್ಟ್ರು ಮೊದಲ ಸಲ ಮುಖ ತಿರುಗಿಸಿದರು.

ಅತ್ತಿಗೆ ಅದನ್ನೂ ನೋಡಿದಳು, ಇದನ್ನೂ ನೋಡಿದಳು. ನೋಡಿ, "ಕಾಫಿ ಕುಡಿದು ಓದೋಣ," ಎಂದಳು. "ಗಡಿಯಾರದಣ್ಣ, ಪುಸ್ತಕದ ಕೋಣೆಯ ಗೋಡೆ ಗಡಿಯಾರ ನಿಂತಿದೆ. ಒಂಚೂರು ನೋಡ್ತೀರಾ?"

ಪುಸ್ತಕದ ಕೋಣೆಯಲ್ಲಿ ಮೂರು ಗೋಡೆಗೆ ಬೀರು, ನಾಲ್ಕನೆಯದಕ್ಕೆ ಮೇಜು. ಮೇಜಿನ ಮೇಲೆ ಎರಡು ಕನ್ನಡಕ, ಒಂದು ಭೂತಗನ್ನಡಿ. ಮೂರರ ಮೇಲೂ ದೂಳು. ಕೊನೆಯ ಬೀರುವಿನ ನಡುವಿನ ಹಲಗೆಯ ಮೇಲೆ, ಕಟ್ಟು ಇದ್ದ ಜಾಗ ಮಾತ್ರ ಉಜ್ಜಿದ ಹಾಗೆ ಹೊಳೆಯುತ್ತಿತ್ತು.

ಗಡಿಯಾರದಣ್ಣ ಗೋಡೆ ನೋಡಿದ. ಐದಕ್ಕೆ ಹತ್ತು ನಿಮಿಷ. ಮುಳ್ಳು ನಡೆಯುತ್ತಿತ್ತು.

"ಇದು ಚೆನ್ನಾಗೇ ಓಡ್ತಿದೆಯಲ್ಲ."

"ಹೌದು. ನಿಂತಿರೋದು ನೀವು," ಎಂದು ಅತ್ತಿಗೆ ಬಾಗಿಲು ಮುಂದೆ ಮಾಡಿದಳು. "ಏಳಕ್ಕೆ ಏಳೂ ತಪ್ಪು, ಅಣ್ಣ."

"ನನ್ನ ನಸೀಬು ಕೆಟ್ಟಿತ್ತು."

"ಕಣ್ಣು ಮುಚ್ಕೊಂಡು ಬೆರಳಿಟ್ಟಿದ್ರೂ ಒಂದೋ ಎರಡೋ ಸರಿ ಬೀಳ್ತಿತ್ತು. ಡಾಕ್ಟರಿಗೆ ಮೂರು ಬಂತು. ಅವರಿಗೆ ಭಾಷೆ ಬರುತ್ತೆ ಅಂತ ಇದುವರೆಗೆ ಯಾರೂ ಆಪಾದನೆ ಮಾಡಿಲ್ಲ."

ಗಡಿಯಾರದಣ್ಣ ನಗಲು ನೋಡಿದ. ನಗು ಬರಲಿಲ್ಲ.

ಅತ್ತಿಗೆ ಇಪ್ಪತ್ತೆರಡು ವರ್ಷ ನಲ್ಲಿ ನೀರಿನ ಆಫೀಸಿನ ದೂರು ವಿಭಾಗದಲ್ಲಿ ಕೂತವಳು. "ಆಗೊಮ್ಮೆ ಈಗೊಮ್ಮೆ ಸ್ವಲ್ಪ ಬರುತ್ತೆ" ಎಂದು ಗೊಣಗಿದವರ ಮನೆಯಲ್ಲಿ ನಿಜವಾಗಿಯೂ ನೀರಿರುತ್ತಿರಲಿಲ್ಲ. "ಆರು ತಿಂಗಳಿಂದ ಒಂದು ಹನಿ ಕಂಡಿಲ್ಲ" ಎಂದು ಎದೆ ಬಡಿದುಕೊಂಡವರ ಮನೆಗೆ ಹೋದರೆ ತೊಟ್ಟಿ ತುಂಬಿ ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಒಬ್ಬನಂತೂ ಆ ತೊಟ್ಟಿಯಲ್ಲಿ ಬಾತುಕೋಳಿ ಸಾಕಿದ್ದ.

"ಏನೂ ಗೊತ್ತಿಲ್ಲದವನು ನಡುನಡುವೆ ಸರಿ ಹೇಳ್ತಾನೆ," ಎಂದಳು. "ಪ್ರತಿ ಸಲ ಸರಿಯಾದ ಚೀಟಿಯನ್ನೇ ತಪ್ಪಿಸ್ಕೊಂಡು ಹೋಗಬೇಕಾದ್ರೆ ಅದು ಯಾವುದು ಅಂತ ಗೊತ್ತಿರಬೇಕು. ಹಗ್ಗ ಬಿಟ್ಟು ಹಲ್ಲಿನ ನಾರು ಹಿಡಿದಿರಲ್ಲ, ಅದನ್ನ ಡಾಕ್ಟರ ಹೆಂಡತಿನೂ ನಂಬಲ್ಲ. ಆ ಕಟ್ಟು ನೀವು ಓದಿದೀರಿ."

ಗಡಿಯಾರದಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದ, ಮುರಿದ ಮೊನೆ ನೋಡಿದ, ಜೇಬಿಗೆ ಹಾಕಿದ.

"ಓದಿಲ್ಲ ಅತ್ತಿಗೆ," ಎಂದ. "ಬರೆದಿದೀನಿ."

"ಏನು?"

"ಮೇಷ್ಟ್ರಿಗೆ ಕಣ್ಣು ಕಾಣಿಸಲ್ಲ. ಹದಿನಾಲ್ಕು ತಿಂಗಳಾಯ್ತು. ಕಿಟಕಿ ಎಲ್ಲಿದೆ ಅಂತ ಬೆಳಕಲ್ಲಿ ಗೊತ್ತಾಗುತ್ತೆ, ಅಷ್ಟೇ. ಅವರು ಹೇಳ್ತಾರೆ, ನಾನು ಬರೀತೀನಿ. ಮಧ್ಯಾಹ್ನ ಎರಡಕ್ಕೇ ಅಂಗಡಿ ಬಾಗಿಲು ಹಾಕೋದು ಅದಕ್ಕೇ. ಅಚ್ಚು ಹಾಕೋರಿಗೆ ತಿಳಿದ್ರೆ ಕೆಲಸ ಬೇರೆಯವರ ಕೈಗೆ ಹೋಗುತ್ತೆ ಅಂತ ಆಣೆ ಹಾಕಿಸ್ಕೊಂಡಿದಾರೆ."

ಅತ್ತಿಗೆ ಮೇಜಿನ ಮೇಲಿನ ಕನ್ನಡಕಗಳ ಕಡೆ ತಿರುಗಿದಳು. ದೂಳಿನ ಮೇಲೆ ಬೆರಳಿನ ಗುರುತು ಒಂದೂ ಇರಲಿಲ್ಲ. ಏಳು ಪದವನ್ನು ಅವರು ಬರೆದು ಕೊಡದೆ ಕಿವಿಯಲ್ಲಿ ಯಾಕೆ ಹೇಳಿದರೆಂದು ಈಗ ಹೊಳೆಯಿತು.

"ಹಾಗಾದ್ರೆ ಕಟ್ಟು ತಗೊಂಡು ಹೋಗಿದ್ದು ನೀವಲ್ಲ."

"ನಾನು ಯಾಕೆ ತಗೊಳ್ಳಲಿ? ದಿನಾ ಕೈಯಲ್ಲೇ ಇತ್ತು." ಅವನು ದನಿ ಇಳಿಸಿದ. "ಅತ್ತಿಗೆ, ನಿಮಗೆ ಬೇಜಾರಾಗೋ ಮಾತು ಒಂದಿದೆ. ಹೇಳಲಾ?"

"ಹೇಳದೆ ಬಿಡೋ ಮುಖ ಅಲ್ಲ ಅದು. ಹೇಳಿ."

"ಹಿಣಿಲು ಅನ್ನೋ ಪದ ಆ ಕಟ್ಟಲ್ಲಿ ಇರಲೇ ಇಲ್ಲ. ಮೂವತ್ತೊಂದು ವರ್ಷ ಬಿಟ್ಟುಹೋಗಿತ್ತು. ಹೋದ ಗುರುವಾರ ಊಟ ಆದ ಮೇಲೆ ಮೇಷ್ಟ್ರಿಗೆ ನೆನಪಾಯ್ತು. ಕೊನೇ ಹಾಳೆಯ ತುದೀಲಿ ನಾನೇ ಬರೆದೆ. ಆಮೇಲೆ ಎಲ್ಲರೂ ಬಂದ್ರು, ಆಟ ಆಡಿದ್ವಿ, ಮಾರನೇ ದಿನ ಬೆಳಿಗ್ಗೆ ಕಟ್ಟೇ ಇಲ್ಲ."

ಅತ್ತಿಗೆ ಬೆರಳು ಮಡಿಸಿ ದಿನ ಎಣಿಸತೊಡಗಿದಳು.

"ನಿಮ್ಮ ಮೈದುನ ಅಳತೆ ತಗೊಂಡಿದ್ದು ಮೂರು ವಾರದ ಹಿಂದೆ," ಎಂದು ಗಡಿಯಾರದಣ್ಣ ಮೆಲ್ಲಗೆ ಮುಗಿಸಿದ.

ಬೇರೆಯವರಿಗೆ ಬೀಸಿದ ಬಲೆ ಸೀದಾ ತನ್ನ ಮನೆಯ ಮೇಲೇ ಬಿದ್ದಿತ್ತು. ಅತ್ತಿಗೆ ಬಾಗಿಲು ತೆಗೆದು, "ಬಾರೋ ಇಲ್ಲಿ," ಎಂದಳು. ಅಷ್ಟು ತಣ್ಣಗಿನ ದನಿ ಅವನು ಕೇಳಿದ್ದು ಎರಡೇ ಸಲ. ಎರಡು ಸಲವೂ ಅವನಿಗೆ ಹತ್ತು ವರ್ಷ ತುಂಬಿರಲಿಲ್ಲ.

ಮೈದುನ ಕಾಫಿ ಲೋಟದ ಸಮೇತ ಬಂದ.

"ಗುರುವಾರ ಬೀರು ತೆಗೆದಿದ್ಯಾ?"

ಅವನು ಗಡಿಯಾರದಣ್ಣನ ಮುಖ ನೋಡಿದ. ಹಿಣಿಲು ಎಂಬ ಪದ ಎಲ್ಲಿ ಕೈಕೊಟ್ಟಿತು ಎಂದು ಅವನಿಗೆ ಲೆಕ್ಕ ಹತ್ತಿದ್ದು ಅವಳಿಗೆ ಕಾಣಿಸಿತು.

"ತೆಗೆದಿದ್ದೆ."

"ಕಟ್ಟು?"

"ನನ್ನ ಹತ್ರ ಇದೆ. ಕದ್ದಿಲ್ಲ ಅತ್ತಿಗೆ, ತಗೊಂಡು ಹೋದೆ."

"ಅದೆರಡರ ನಡುವಿನ ವ್ಯತ್ಯಾಸ ಇನ್ಸ್‌ಪೆಕ್ಟರಿಗೆ ನೀನೇ ಬಿಡಿಸಿ ಹೇಳು. ನಾನು ಕೇಳಿಸ್ಕೊಳ್ತೀನಿ."

"ಅದು ಅಚ್ಚಿಗೆ ಹೋಗಬಾರದು." ಲೋಟವನ್ನು ಮೇಜಿನ ಮೇಲಿಟ್ಟ. "ಆಟ ಮುಗಿದ ಮೇಲೆ ಹೊಲಿಗೆಗೆ ದಾರ ಎಷ್ಟು ಬೇಕು ಅಂತ ನೋಡೋಕೆ ಬೀರು ತೆಗೆದೆ. ಕೊನೇ ಹಾಳೇಲಿ ಹಿಣಿಲು ಸಿಕ್ತು. ಖುಷಿಯಾಗಿ ಹಿಂದಿನ ಹಾಳೆ ತಿರುವಿದೆ. ಆಮೇಲೆ ಖುಷಿ ಹೋಯ್ತು."

ಶರ್ಟಿನ ಒಳಗಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದು ಕೊಟ್ಟ. ಒಂದು ವಾರದ ಮೈಬಿಸಿಗೆ ಅದು ಮೆತ್ತಗಾಗಿತ್ತು. ಅತ್ತಿಗೆ ಬಿಡಿಸಿದಳು. ಕಪ್ಪು ಇಂಕು, ಗಡಿಯಾರದಣ್ಣನ ಗುಂಡು ಗುಂಡಾದ ಅಕ್ಷರ.

*ಹಿಗ್ಗು (ನಾ.): ಹಳೆಯ ಮರದ ಪೆಟ್ಟಿಗೆ.*

*ಹಿಟ್ಟು (ನಾ.): ನೀರಿನ ಬಳಿ ಗೂಡು ಕಟ್ಟುವ ಒಂದು ಸಣ್ಣ ಹಕ್ಕಿ.*

*ಹಿತ್ತಲು (ನಾ.): ಮನೆಯ ಮುಂದಿನ ಅಂಗಳ.*

ಅವಳು ಇನ್ನೊಂದು ಸಲ ಓದಿದಳು. ಎರಡನೇ ಸಲವೂ ಹಿಟ್ಟು ಹಕ್ಕಿಯಾಗಿಯೇ ಇತ್ತು.

"ಹೀಗೇ ಇನ್ನೂರು ಮುನ್ನೂರು ಇವೆ," ಎಂದ ಮೈದುನ. "ಕಷ್ಟದ ಪದಗಳೆಲ್ಲ ಸರಿಯಾಗಿವೆ. ದಿನಾ ಬಳಸೋ ಪದಗಳೇ ತಪ್ಪು. ಯಾರೂ ನಿಘಂಟು ತೆಗೆದು ನೋಡದೇ ಇರೋ ಪದಗಳು. ತಿದ್ದುವವರ ಕಣ್ಣೂ ಅಲ್ಲಿ ನಿಲ್ಲಲ್ಲ. ಅಚ್ಚಾಗಿ ಬಂದ ಮೇಲೆ ಯಾವುದೋ ಮಗು ತೆಗೆದು ನೋಡಿದ ದಿನ ಮೇಷ್ಟ್ರ ಮೂವತ್ತೊಂದು ವರ್ಷ ನಗೆಪಾಟಲು."

"ಇದನ್ನ ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ಬದುಕ್ತಾರಾ? ಬೇರೆಯವರ ಅಕ್ಷರ, ಕನ್ನಡಕದ ಮೇಲೆ ದೂಳು ನೋಡಿ ಅವರಿಗೆ ಕಣ್ಣು ಕಾಣಿಸಲ್ಲ ಅಂತ ಆವತ್ತೇ ಅನ್ನಿಸ್ತು. ಯಾರ ಅಕ್ಷರ ಅಂತ ಗೊತ್ತಿರಲಿಲ್ಲ, ಯಾರನ್ನ ಕೇಳಲಿ? ಇವತ್ತು ಚೀಟಿ ನೋಡಿದಾಗ ಗೊತ್ತಾಯ್ತು." ಈಗ ಅವನು ಗಡಿಯಾರದಣ್ಣನ ಕಡೆ ಪೂರ್ತಿ ತಿರುಗಿದ. "ಕಣ್ಣಿಲ್ಲದವರ ಕಿವಿಗೆ ಒಂದು ಓದಿ, ಕಾಗದಕ್ಕೆ ಇನ್ನೊಂದು ಬರೆದಿದೀರಿ. ಯಾಕಣ್ಣ? ಅವರು ನಿಮಗೇನು ಮಾಡಿದ್ರು?"

ಗಡಿಯಾರದಣ್ಣ ಗಾಬರಿಯಾಗಲಿಲ್ಲ. ಹಾಳೆಯನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು, ಕೆಟ್ಟ ವಾಚಿನ ಒಳಗೆ ಇಣುಕುವ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಿದ, ವಾಪಸ್ ಕೊಟ್ಟ.

"ನನ್ನ ಅಕ್ಷರವೇ," ಎಂದ. "ಮೇಷ್ಟ್ರು ಹೇಳಿದ್ದನ್ನೇ ಬರೆದೆ. ಒಂದು ಮಾತು ಕೂಡಿಸಿಲ್ಲ, ಕಳೆದಿಲ್ಲ."

"ಹಿತ್ತಲು ಅಂದ್ರೆ ಮುಂದಿನ ಅಂಗಳ ಅಂದಾಗ ಕೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ಕೇಳಿದೆ. ಒಂದೇ ಒಂದು ಸಲ. 'ಕೈ ನಿಂದು, ಅರ್ಥ ನಂದು. ಬರಿ' ಅಂದ್ರು. ಆಮೇಲೆ ಕೇಳಲಿಲ್ಲ."

"ಸುಳ್ಳು," ಎಂದ ಮೈದುನ.

"ಆಗಲಪ್ಪ. ನಾನು ಸುಳ್ಳಾಗಿದ್ರೆ ಮೇಷ್ಟ್ರ ತಲೆ ಸರಿ ಇದೆ ಅಂತಾಯ್ತು. ನಾನು ನಿಜ ಆಗಿದ್ರೆ? ಯೋಚನೆ ಮಾಡು. ಯಾವುದು ಆಗಲಿ ಅಂತ ನಿನಗೆ ಆಸೆ?"

ಅತ್ತಿಗೆ ಅವನ ಮುಖವನ್ನೇ ನೋಡಿದಳು. ಇಪ್ಪತ್ತೆರಡು ವರ್ಷದ ದೂರಿನ ಅಭ್ಯಾಸ ಏನಾದರೂ ಹೇಳೀತೇ ಎಂದು ಕಾದಳು. ಏನೂ ಹೇಳಲಿಲ್ಲ. ಹದಿನಾಲ್ಕು ತಿಂಗಳು ಒಂದು ಗುಟ್ಟನ್ನು ಹಲ್ಲು ಕಚ್ಚಿ ಇಟ್ಟುಕೊಂಡವನು ಎರಡನೆಯದನ್ನೂ ಇಟ್ಟುಕೊಳ್ಳಬಲ್ಲ. ಕಣ್ಣು ಕಾಣುತ್ತದೆಂದು ಇಡೀ ಊರನ್ನು ನಂಬಿಸಿದ ಮುದುಕರೂ ಅಷ್ಟೇ. ಇವತ್ತು ಅವರು ಕಿವಿ ಹತ್ತಿರ ಬಾಯಿಟ್ಟು ಹೇಳಿದ ಏಳು ಅರ್ಥಗಳಾದರೂ ನಿಜವೇ ಎಂಬ ಅನುಮಾನ ಅವಳಿಗೆ ಆಗ ಮೊದಲ ಸಲ ಬಂತು.

ಗೋಡೆ ಗಡಿಯಾರ ಐದು ಹೊಡೆಯಿತು. ವರಾಂಡದಲ್ಲಿ ಬೆಂಚು ಕಿರುಗುಟ್ಟಿತು.

ಅತ್ತಿಗೆ ಹಾಳೆಯನ್ನು ಮಡಿಸಿ ಕೈಚೀಲದೊಳಗೆ ತುರುಕಿ ನಡುಮನೆಗೆ ಬಂದಳು. ಡಾಕ್ಟರು, ಮಿಸ್ಸು ಇಬ್ಬರೂ ಕಾಫಿ ಲೋಟ ಕೆಳಗಿಟ್ಟರು. ಇನ್ಸ್‌ಪೆಕ್ಟರ್ ಒಳಗೆ ಬಂದು ಕಿಟಕಿಗೂ ಬಾಗಿಲಿಗೂ ನಡುವೆ ನಿಂತಿದ್ದ. ಬೂಟು ಬಿಚ್ಚಿ ಬಂದಿದ್ದರಿಂದ ಹೆಜ್ಜೆ ಸಪ್ಪಳವಾಗಿರಲಿಲ್ಲ.

"ಟೈಮ್ ಆಯ್ತು ಅತ್ತಿಗೆ. ಹೆಸರು ಕೊಡ್ತೀರೋ, ನಾನು ಇವನ ಕೈ ಹಿಡೀಲೋ?"

ಬೆನ್ನ ಹಿಂದೆ ಮೈದುನ ಉಸಿರು ಬಿಡುವುದು ಕೇಳಿಸುತ್ತಿತ್ತು. ಹಾಳೆ ತೋರಿಸಿದರೆ ಅವನು ಯಾಕೆ ತೆಗೆದುಕೊಂಡು ಹೋದನೆಂಬುದಕ್ಕೆ ಸಾಕ್ಷಿ ಸಿಗುತ್ತಿತ್ತು. ಅದೇ ಹಾಳೆ ಮೇಷ್ಟ್ರ ಬದುಕನ್ನು ಎಲ್ಲರೆದುರು ಸುಲಿದು ಇಡುತ್ತಿತ್ತು. ತೋರಿಸದಿದ್ದರೆ ಅವಳು ಇವತ್ತು ಒಬ್ಬಳೇ ಮನೆಗೆ ಹೋಗಬೇಕು.

"ಒಂದು ನಿಮಿಷ," ಎಂದಳು. "ಒಂದು ಪದ ಉಳಿದಿದೆ. ಇದು ಮೇಷ್ಟ್ರಿಗೆ."

ಮೇಷ್ಟ್ರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

"ಮೇಷ್ಟ್ರೇ, ಹಿತ್ತಲು ಅಂದ್ರೆ ಏನು?"

ಡಾಕ್ಟರು ಕಿಸಕ್ಕನೆ ನಕ್ಕರು. "ಇದೇನ್ರೀ ಅತ್ತಿಗೆ, ಒಂದನೇ ಕ್ಲಾಸಿನ ಮಗೂಗೆ ಕೇಳೋ ಹಾಗೆ," ಎಂದರು ಮಿಸ್ಸು. ಇನ್ಸ್‌ಪೆಕ್ಟರ್ ಕೂಡ ಮೀಸೆಯೊಳಗೆ ನಕ್ಕ.

ಮೇಷ್ಟ್ರು ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ನಿಧಾನವಾಗಿ ಕುರ್ಚಿಯಿಂದ ಎದ್ದರು. ಅತ್ತಿಗೆ ನಿಂತದ್ದು ಅವರ ಎಡಕ್ಕೆ. ಅವರು ಬಲಗೈಯನ್ನು ಬಲಕ್ಕೆ ಚಾಚಿದರು. ತೆರೆದ ಅಂಗೈ ಇನ್ಸ್‌ಪೆಕ್ಟರನ ಎದೆಯ ಗುಂಡಿಗಳನ್ನು ಮುಟ್ಟಿ ಅಲ್ಲೇ ನಿಂತಿತು.

"ಆ ಪದ ಇರೋ ಹಾಳೆ ಇತ್ಲಾಗೆ ಕೊಡು ತಾಯಿ," ಎಂದರು. ಅತ್ತಿಗೆಯ ಕೈ ತಾನಾಗಿ ಕೈಚೀಲದ ಬಾಯಿ ಹಿಡಿಯಿತು.

ಇನ್ಸ್‌ಪೆಕ್ಟರ್ ತನ್ನ ಎದೆಯ ಮೇಲಿದ್ದ ಕೈಯನ್ನು ನೋಡಿದ. ಆಮೇಲೆ ಆ ಕಣ್ಣುಗಳನ್ನು. ಆಮೇಲೆ ಅತ್ತಿಗೆಯ ಕೈಚೀಲವನ್ನು.

"ಯಾವ ಹಾಳೆ?" ಎಂದ.